ಮರೆತ ಕೈಗೆ ಮತ್ತೆ ಪಾಠ

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ಹಗರೆ ಇದೆ. ಹಳೇಬೀಡಿಗೆ ಹೋಗುವವರು ಅಲ್ಲಿ ತಿರುಗಿಕೊಳ್ಳುತ್ತಾರೆ. ಒಂದು ಸಂಜೆ ಆ ಊರಿನಲ್ಲಿ, ಅರುವತ್ತು ದಾಟಿದ ರೈತರೊಬ್ಬರನ್ನು ಮಕ್ಕಳಿಬ್ಬರು ರಟ್ಟೆ ಹಿಡಿದೆಳೆದು ಬಸ್ಸಿನಿಂದ ಇಳಿಸುತ್ತಿದ್ದಾರೆಂದು ಭಾವಿಸಿರಿ. ಅವರಿಗೆ ಲಕ್ವ ಹೊಡೆದು ಮೂರು ವಾರವಾಗಿದೆ. ಜೀವಕ್ಕೆ ಅಪಾಯವಿಲ್ಲವೆಂದು ಆಸ್ಪತ್ರೆಯವರು ಮನೆಗೆ ಕಳುಹಿಸಿದ್ದಾರೆ. ಬಲಗೈಯ ಬೆರಳುಗಳು ಕೊಂಚ ಅಲುಗುತ್ತವೆ, ಹಿಡಿತ ಮಾತ್ರ ಇಲ್ಲ. ಮನೆಗೆ ಬಂದಮೇಲೆ ಹೆಂಡತಿ ಮುದ್ದೆ ಮುರಿದು ಬಾಯಿಗಿಡುತ್ತಾರೆ, ಮಗ ಅಂಗಿ ತೊಡಿಸುತ್ತಾನೆ, ಸೊಸೆ ನೀರಿನ ಚೊಂಬನ್ನು ತುಟಿಗೆ ಹಿಡಿಯುತ್ತಾಳೆ. "ಅಪ್ಪಾ, ನೀನು ಸುಮ್ಮನೆ ಕೂತಿರು, ಆಯಾಸ ಮಾಡಿಕೊಳ್ಳಬೇಡ" ಎಂಬುದೇ ಎಲ್ಲರ ಮಾತು.

ಇಲ್ಲಿ ಪ್ರೀತಿಗೆ ಕೊರತೆಯಿಲ್ಲ. ಆದರೂ ಈ ಪ್ರೀತಿಯೇ ಆ ಕೈಯನ್ನು ಶಾಶ್ವತವಾಗಿ ಕಳೆಯಬಹುದು. ಅದು ಹೇಗೆಂದು ನೋಡೋಣ.

ಲಕ್ವ ಅಥವಾ ಪಾರ್ಶ್ವವಾಯು ಕೈಯಲ್ಲಿ ಕಾಣಿಸಿದರೂ ಅದರ ಮೂಲ ಮೆದುಳಿನಲ್ಲಿ. ಮೆದುಳಿಗೆ ರಕ್ತವನ್ನೊಯ್ಯುವ ನಾಳವೊಂದು ಕಟ್ಟಿಕೊಂಡರೆ ಅಥವಾ ಒಡೆದರೆ, ಆ ಭಾಗದ ನರಕೋಶಗಳು ಸಾಯುತ್ತವೆ. ಮೆದುಳಿನ ಎಡಭಾಗಕ್ಕೆ ಪೆಟ್ಟಾದರೆ ಬಲಗೈ ಬಲಗಾಲು ಸೋಲುತ್ತವೆ. ಕೈಯ ಮೂಳೆಯೂ ಸ್ನಾಯುವೂ ಮೊದಲಿನಂತೆಯೇ ಇವೆ. ಅವಕ್ಕೆ ಅಪ್ಪಣೆ ಕೊಡುವವರಿಲ್ಲ, ಅಷ್ಟೆ. ಸತ್ತ ಭಾಗ ಮತ್ತೆ ಬದುಕುವುದಿಲ್ಲ. ಆದರೆ ಉಳಿದ ಭಾಗ ಅದರ ಕೆಲಸವನ್ನು ಕೆಲಮಟ್ಟಿಗೆ ಕಲಿಯಬಲ್ಲದು. ಹೆದ್ದಾರಿ ಕುಸಿದಾಗ ಜನ ಹೊಲದ ಬದುವಿನ ಮೇಲೆ ಕಾಲುದಾರಿ ಮಾಡಿಕೊಳ್ಳುವುದಿಲ್ಲವೆ? ನಡೆದಷ್ಟೂ ಆ ದಾರಿ ಹಸನಾಗುತ್ತದೆ. ನಡೆಯದಿದ್ದರೆ ಹುಲ್ಲು ಮುಚ್ಚುತ್ತದೆ.

ಇದಕ್ಕೆ ಪ್ರಯೋಗದ ಆಧಾರವುಂಟು. 1996ರಲ್ಲಿ ಅಮೆರಿಕದ ರಾಂಡಾಲ್ಫ್ ನೂಡೊ ಮತ್ತು ಸಂಗಡಿಗರು, ಮೆದುಳಿನಲ್ಲಿ ಕೈಗೆ ಸಂಬಂಧಿಸಿದ ಭಾಗಕ್ಕೆ ಸಣ್ಣ ಪೆಟ್ಟಾಗಿದ್ದ ಮಂಗಗಳಿಗೆ ಕಿರಿದಾದ ಗುಳಿಗಳಿಂದ ಆಹಾರದ ಗುಳಿಗೆಗಳನ್ನು ಹೆಕ್ಕುವ ಅಭ್ಯಾಸ ಕೊಡಿಸಿದ ಫಲಿತಾಂಶವನ್ನು ಪ್ರಕಟಿಸಿದರು. ಅಭ್ಯಾಸವಿಲ್ಲದಿದ್ದಾಗ, ಪೆಟ್ಟಾಗದೆ ಉಳಿದಿದ್ದ ಕೈಯ ಭಾಗವೂ ಕುಗ್ಗಿಹೋಗುತ್ತಿತ್ತು. ಅಭ್ಯಾಸ ಮಾಡಿದ ಮಂಗಗಳಲ್ಲಿ ಅದು ಉಳಿಯಿತು. ಕೆಲವಲ್ಲಿ ಪಕ್ಕದ ಜಾಗಕ್ಕೂ ಹರಡಿತು.

ಮನುಷ್ಯರಲ್ಲಿ ಇನ್ನೊಂದು ತೊಡಕಿದೆ. ಸೋತ ಕೈಯಿಂದ ಲೋಟ ಹಿಡಿಯಹೋಗಿ ಎರಡು ಸಲ ಚೆಲ್ಲಿದವರು ಮೂರನೆಯ ಸಲ ಒಳ್ಳೆಯ ಕೈಯನ್ನೇ ಚಾಚುತ್ತಾರೆ. ಹೀಗೆ ಬಳಸದಿರುವುದೇ ಅಭ್ಯಾಸವಾಗಿಬಿಡುತ್ತದೆ. ಎಡ್ವರ್ಡ್ ಟಾಬ್ ಎಂಬ ವಿಜ್ಞಾನಿ ಇದನ್ನು ಗುರುತಿಸಿ ಒಂದು ಉಪಾಯ ಹೂಡಿದರು. ಒಳ್ಳೆಯ ಕೈಗೆ ಗವಸು ತೊಡಿಸಿ, ಸೋತ ಕೈಯಿಂದಲೇ ಕೆಲಸ ಮಾಡಿಸಬೇಕು! ಅಮೆರಿಕದ ಏಳು ಸಂಸ್ಥೆಗಳಲ್ಲಿ 222 ಮಂದಿ ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಲ್ಲರೂ ಲಕ್ವ ಹೊಡೆದು ಮೂರರಿಂದ ಒಂಬತ್ತು ತಿಂಗಳಾದವರು. ಬೆರಳನ್ನೂ ಮಣಿಕಟ್ಟನ್ನೂ ಸ್ವಲ್ಪವಾದರೂ ಎತ್ತಬಲ್ಲವರು. ಎರಡು ವಾರದ ಕಠಿಣ ಅಭ್ಯಾಸದಿಂದ ಬಂದ ಲಾಭ ಒಂದು ವರ್ಷದ ಮೇಲೂ ಉಳಿದಿತ್ತು. ಕೈ ಏನೂ ಅಲುಗದವರಿಗೆ ಈ ಕ್ರಮ ಹೊಂದದು. ಅಂಥವರಿಗೆ, ನಮ್ಮ ದೇಶದಲ್ಲೇ ಹುಟ್ಟಿದ ವಿಲಯನೂರು ರಾಮಚಂದ್ರನ್ ಅವರು ಕೈ ಕತ್ತರಿಸಿದವರ ನೋವಿಗೆಂದು ರೂಪಿಸಿದ ಕನ್ನಡಿಯ ಚಿಕಿತ್ಸೆ ಈಗ ಉಪಯೋಗಕ್ಕೆ ಬಂದಿದೆ. ಒಳ್ಳೆಯ ಕೈಯ ಚಲನೆಯನ್ನು ಕನ್ನಡಿಯಲ್ಲಿ ನೋಡಿದಾಗ, ಸೋತ ಕೈಯೇ ಆಡಿದಂತೆ ಮೆದುಳಿಗೆ ತೋರುತ್ತದೆ.

ಹಾಗಾದರೆ ಹಗರೆಯ ಆ ಮನೆಯಲ್ಲಿ ಏನು ಮಾಡಬೇಕು? ಯಂತ್ರ ಬೇಕಿಲ್ಲ. ಅವರೆಕಾಯಿ ಸುಲಿಯಲು ಕೊಡಿ. ಬಿತ್ತನೆಯ ಆಲೂಗಡ್ಡೆಯನ್ನು ಬುಟ್ಟಿಯಿಂದ ಬುಟ್ಟಿಗೆ ಆರಿಸಿ ಹಾಕಲಿ. ಅಂಗಿಯ ಗುಂಡಿಯೊಂದನ್ನು ತಾವೇ ಹಾಕಿಕೊಳ್ಳಲಿ, ಹತ್ತು ನಿಮಿಷ ಹಿಡಿದರೂ ಹಿಡಿಯಲಿ. ಉಪಯೋಗವುಳ್ಳ ಕೆಲಸವನ್ನು ಹತ್ತಲ್ಲ, ನೂರು ಸಲ ಮಾಡಿದಾಗ ಮೆದುಳು ಕಲಿಯುತ್ತದೆ. ನೀವು ಪಕ್ಕದಲ್ಲಿ ಕೂತು, ಆಗದ ಅಂಶಕ್ಕೆ ಮಾತ್ರ ಕೈಗೂಡಿಸಿರಿ.

ಆದರೆ ಆತುರವೂ ಹಾನಿಕರ. ಐದು ದೇಶಗಳ 2104 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಮೊದಲ 24 ಗಂಟೆಯೊಳಗೇ ಎಬ್ಬಿಸಿ ಹೆಚ್ಚುಹೆಚ್ಚಾಗಿ ಓಡಾಡಿಸಿದವರಿಗೆ ಮೂರು ತಿಂಗಳ ನಂತರ ಗುಣ ಕಡಮೆಯೇ ಕಂಡಿತು. ಯಾವಾಗ, ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು. ನುಂಗುವ ಶಕ್ತಿಯನ್ನು ಪರೀಕ್ಷಿಸುವ ಮೊದಲು ಬಾಯಿಗೆ ನೀರನ್ನೂ ಹಾಕಬಾರದು. ಇನ್ನು, ಬಸ್ಸಿನಿಂದ ಇಳಿಸುವಾಗ ಮಕ್ಕಳು ರಟ್ಟೆ ಹಿಡಿದೆಳೆದರಲ್ಲವೆ? ಅದು ತಪ್ಪು. ಸೋತ ತೋಳಿನ ಕೀಲು ಸಡಿಲವಾಗಿರುತ್ತದೆ. ಎಳೆದರೆ ಭುಜ ಜಾರಿ ತಿಂಗಳುಗಟ್ಟಲೆ ನೋವಾಗುತ್ತದೆ. ಸೊಂಟಕ್ಕೆ ಕೈಕೊಟ್ಟು ಇಳಿಸಬೇಕು.

ಇಷ್ಟೆಲ್ಲ ಕೇಳಿ, ಮನೆಯವರಿಗೆ ಕಲಿಸಿಬಿಟ್ಟರೆ ಸಾಕಲ್ಲ ಎಂದು ನೀವೆನ್ನಬಹುದು. ಭಾರತದ 14 ಆಸ್ಪತ್ರೆಗಳು ಸೇರಿ 1250 ರೋಗಿಗಳಲ್ಲಿ ಇದನ್ನೇ ಪರೀಕ್ಷಿಸಿದವು. ಒಂದು ಗುಂಪಿನ ಮನೆಯವರಿಗೆ ವ್ಯಾಯಾಮ ಮಾಡಿಸುವ ಕ್ರಮವನ್ನು ಕಲಿಸಿಕೊಟ್ಟರು. ಇನ್ನೊಂದಕ್ಕೆ ಎಂದಿನ ಚಿಕಿತ್ಸೆ. 2017ರಲ್ಲಿ ಬಂದ ಫಲಿತಾಂಶದಲ್ಲಿ, ಆರು ತಿಂಗಳ ಕೊನೆಗೆ ಎರಡು ಗುಂಪಿನಲ್ಲೂ ತೀರಿಕೊಂಡವರು ಅಥವಾ ಪರಾಧೀನರಾಗಿ ಉಳಿದವರು ಶೇಕಡ 47. ಇದರಿಂದ ಮನೆಯವರ ಶ್ರಮ ವ್ಯರ್ಥವೆಂದು ತಿಳಿಯಬಾರದು. ತರಬೇತಾದ ಚಿಕಿತ್ಸಕನ ಭಾರವನ್ನೆಲ್ಲ ಸೊಸೆಯ ಹೆಗಲಿಗೆ ದಾಟಿಸಿ ಆಸ್ಪತ್ರೆ ನಿಶ್ಚಿಂತವಾಗಿರಲಾಗದು ಎಂಬುದೇ ಇದರ ಪಾಠ.

ಹಳ್ಳಿಗೆ ಈ ಪಾಠ ಮುಖ್ಯ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಗೌರೀದೇವಿ ಮತ್ತು ಸಂಗಡಿಗರು ಬೆಂಗಳೂರು ಪ್ರದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಸಮೀಕ್ಷಿಸಿ 2004ರಲ್ಲಿ ಪ್ರಕಟಿಸಿದ ವರದಿಯಂತೆ, ನರರೋಗಗಳು ನಗರಕ್ಕಿಂತ ಹಳ್ಳಿಯಲ್ಲಿ ಸುಮಾರು ಎರಡು ಪಟ್ಟು. ತಜ್ಞರಿರುವುದೋ ಬಹುಮಟ್ಟಿಗೆ ನಗರದಲ್ಲಿ. ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನರ್ವಸತಿಗೆಂದೇ ವಿಭಾಗವಿದೆ. ಮಾತು ಬಿದ್ದುಹೋದವರಿಗೆ ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ. ಹಗರೆಯವರಿಗೆ ಹತ್ತಿರದ ದೊಡ್ಡ ಸರ್ಕಾರಿ ಆಸ್ಪತ್ರೆ ಹಾಸನದ್ದು. ಮನೆಗೆ ಹೊರಡುವ ಮುನ್ನ ಅಲ್ಲಿನ ವ್ಯಾಯಾಮ ಚಿಕಿತ್ಸಕರನ್ನು ಕಂಡು, ಮಾಡಬೇಕಾದ್ದನ್ನು ನಿಮ್ಮ ಕೈಯಿಂದಲೇ ಮಾಡಿ ತೋರಿಸಿರಿ. ಮತ್ತೆ ಬರುವ ದಿನವನ್ನು ಬರೆಸಿಕೊಳ್ಳಿರಿ.

ಕೊನೆಯದಾಗಿ ಒಂದು ಮಾತು. ಬಾಯಿ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದರೆ ಪಾರಿವಾಳದ ರಕ್ತ ಹಚ್ಚುತ್ತ ಕೂರಬೇಡಿರಿ. ರಕ್ತದ ಗರಣೆ ಕರಗಿಸುವ ಮದ್ದಿಗೆ ನಾಲ್ಕೂವರೆ ಗಂಟೆಯ ಗಡುವಿದೆ. 108ಕ್ಕೆ ಕರೆಮಾಡಿರಿ. ಆ ಗಡುವು ಮೀರಿದರೂ ಕೈಯ ಪಾಠಕ್ಕೆ ಬಾಗಿಲು ಮುಚ್ಚುವುದಿಲ್ಲ. ಮೊದಲ ಮೂರು ತಿಂಗಳಲ್ಲಿ ಗುಣ ಹೆಚ್ಚು, ಆಮೇಲೆ ನಿಧಾನ. ನಾಳೆ ಬೆಳಗ್ಗೆ ಚೊಂಬನ್ನು ತುಟಿಗೆ ಹಿಡಿಯುವ ಮೊದಲು ಒಂದು ಗಳಿಗೆ ತಡೆಯಿರಿ. ಆ ಕೈ ತಾನೇ ಚಾಚಲಿ.