ಒಂದು ಎಕರೆಯ ಕಾಗದ ನಡೆದ ದಾರಿ

ಹನೂರಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ರಸ್ತೆಯ ಮಗ್ಗುಲಲ್ಲಿ ಮೂರು ಎಕರೆ ಖುಷ್ಕಿ ಹೊಲವುಳ್ಳ ರೈತನೊಬ್ಬನು, ಮಗಳ ಮದುವೆಯ ಖರ್ಚಿಗೆಂದು ಅದರಲ್ಲಿ ಒಂದು ಎಕರೆಯನ್ನು ನೆರೆಯವನಿಗೆ ಮಾರಲು ನಿಶ್ಚಯಿಸಿದನೆಂದು ಇಟ್ಟುಕೊಳ್ಳೋಣ. ಹೊಲವು ಇದ್ದಲ್ಲಿಯೇ ಇರುತ್ತದೆ. ಆದರೆ ಅದರ ಕಾಗದವು ಮಾತ್ರ ಭೂಮಾಪಕನಿಂದ ಉಪನೋಂದಣಾಧಿಕಾರಿಗೆ, ಅಲ್ಲಿಂದ ಹಿಂದೆ ಗ್ರಾಮಲೆಕ್ಕಿಗನೆನಿಸುತ್ತಿದ್ದ ಗ್ರಾಮ ಆಡಳಿತಾಧಿಕಾರಿಗೆ, ಅವನಿಂದ ರಾಜಸ್ವ ನಿರೀಕ್ಷಕನಿಗೆ ನಡೆದು, ಕೊನೆಗೆ ಪಹಣಿಯ ಒಂದು ಸಾಲಾಗಿ ಕುಳಿತುಕೊಳ್ಳಬೇಕು. ಹೀಗೆ ಕೈಯಿಂದ ಕೈಗೆ ಸಾಗುವ ಕೆಲಸದ ಸರಣಿಯನ್ನು ಗಣಕಯಂತ್ರದಲ್ಲಿ ಮೊದಲೇ ವಿಧಿಸಿಟ್ಟು, ಯಾರ ಅನಂತರ ಯಾರು, ಎಷ್ಟು ದಿನದೊಳಗೆ, ಏನು ಮಾಡತಕ್ಕದ್ದು ಎಂಬುದನ್ನು ಅಂತರಜಾಲದ ಮೂಲಕ ನಡೆಯಿಸುವ ಏರ್ಪಾಟಿಗೆ ವ್ಯಾಪಾರಪ್ರಪಂಚವು ‘ಬಿಸಿನೆಸ್ ಪ್ರೋಸೆಸ್ ಮ್ಯಾನೇಜ್‌ಮೆಂಟ್’ ಎಂಬ ಭಾರವಾದ ಹೆಸರನ್ನು ಕೊಟ್ಟಿದೆ. ನಾವು ಅದನ್ನು ಕಾರ್ಯಪ್ರವಾಹವೆಂದು ಕರೆಯೋಣ.

ಹೊಲದ ಲೆಕ್ಕದಲ್ಲಿ ಈ ಕಾರ್ಯಪ್ರವಾಹವನ್ನು ಪರೀಕ್ಷಿಸಿ ನೋಡುವುದಕ್ಕೆ ಕೊಳ್ಳೇಗಾಲ, ಹನೂರು, ಯಳಂದೂರುಗಳಷ್ಟು ತಕ್ಕ ನೆಲ ಬೇರೆ ದೊರೆಯುವುದು ಕಷ್ಟ. ಕೊಳ್ಳೇಗಾಲವು 1956ರ ರಾಜ್ಯಪುನರ್ವಿಂಗಡಣೆಯವರೆಗೂ ಮದರಾಸು ಸೀಮೆಯ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಅಲ್ಲಿನ ಲೆಕ್ಕವು ಕರಣಂ ಬರೆದ ಅಡಂಗಲ್ಲು, ಚಿಟ್ಟಾಗಳ ಲೆಕ್ಕ. ನೆರೆಯ ಯಳಂದೂರಾದರೋ ಮೈಸೂರು ಸೀಮೆಯದು, ಅದರಲ್ಲಿಯೂ ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಬಂದ ನೆಲ. ಅಲ್ಲಿನ ಲೆಕ್ಕಕ್ಕೆ ಬೇರೆಯ ವಾಡಿಕೆ, ಬೇರೆಯ ಮಾತು. 1956ರಲ್ಲಿ ಕೊಳ್ಳೇಗಾಲವು ಮೈಸೂರು ಜಿಲ್ಲೆಯನ್ನು ಸೇರಿದ ಮೇಲೆ ಇವೆರಡೂ ಒಂದೇ ಸೂರಿನಡಿ ಬಂದುವು; 1997ರಲ್ಲಿ ಒಟ್ಟಿಗೆ ಹೊಸ ಚಾಮರಾಜನಗರ ಜಿಲ್ಲೆಗೆ ಸೇರಿದುವು. ಹನೂರು ಕೊಳ್ಳೇಗಾಲದಿಂದ ಬೇರ್ಪಟ್ಟು ತಾಲ್ಲೂಕಾದುದಂತೂ ತೀರ ಈಚಿನ ಸಂಗತಿ. ಎರಡು ಸೀಮೆಗಳ ಬರೆಹವನ್ನು ಒಂದು ಯಂತ್ರದ ಹೊಟ್ಟೆಗೆ ಹಾಕುವುದೆಂದರೆ ಎರಡು ಬಗೆಯ ಅಕ್ಕಿಯನ್ನು ಒಂದೇ ಪಾತ್ರೆಯಲ್ಲಿ ಬೇಯಿಸಿದಂತೆ: ಒಂದು ಬೆಂದಾಗ ಇನ್ನೊಂದು ಗಟ್ಟಿಯಾಗಿಯೇ ಉಳಿದಿರುವುದುಂಟು.

ಹಿಂದೆ ಈ ಲೆಕ್ಕವೆಲ್ಲ ಶಾನುಭೋಗರ ಮನೆಯ ಪೆಟ್ಟಿಗೆಯೊಳಗಿದ್ದಿತು. ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು 1961ರ ಕಾಯಿದೆಯು ತೆಗೆದುಹಾಕಿತಾದರೂ, ಪೆಟ್ಟಿಗೆಯ ಸ್ವಭಾವ ಮಾತ್ರ ಬದಲಾಗಲಿಲ್ಲ. ವಹಿ ಯಾರ ಕಂಕುಳಲ್ಲಿರುವುದೋ ಅವರ ಮರ್ಜಿಯನ್ನು ರೈತನು ಕಾಯಬೇಕಾಗಿಯೇ ಇದ್ದಿತು. 2001ರ ಸುಮಾರಿಗೆ ‘ಭೂಮಿ’ ಎಂಬ ಯೋಜನೆಯು ರಾಜ್ಯದ ಅಂದಿನ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೇರಿಸಿ, ಕೈಬರೆಹದ ಪಹಣಿಗೆ ಬೆಲೆಯಿಲ್ಲವೆಂದು ಸಾರಿತು. 15 ರೂಪಾಯಿ ಕೊಟ್ಟರೆ ಅಚ್ಚಾದ ಪ್ರತಿ ಕೈಗೆ ಬರುತ್ತಿದ್ದಿತು. ಅಂದಿನ ಕೇಂದ್ರಗಳಲ್ಲಿ ರೈತನ ಕಡೆಗೆ ಮುಖಮಾಡಿದ ಎರಡನೆಯ ತೆರೆಯೊಂದಿದ್ದು, ಒಳಗಿನವನು ಬೆರಳಾಡಿಸುತ್ತಿರುವಂತೆಯೇ ತನ್ನ ಹೊಲದ ಸರ್ವೆ ನಂಬರು ಮೂಡುವುದನ್ನು ಅವನು ನಿಂತಲ್ಲಿಯೇ ಕಾಣಬಹುದಾಗಿದ್ದಿತು.

ಆದರೆ ಜನರು ಹೆಚ್ಚಾಗಿ ಆಡಿಕೊಂಡ ಈ ಅಚ್ಚಿನ ಪ್ರತಿಗಿಂತ ನನಗೆ ದೊಡ್ಡದಾಗಿ ತೋರುವುದು ಕಣ್ಣಿಗೆ ಬೀಳದ ಇನ್ನೊಂದು ನಿಯಮ. ಖಾತೆ ಬದಲಾವಣೆಯ ಅರ್ಜಿಗಳು ಬಂದ ಕ್ರಮದಲ್ಲಿಯೇ ಇತ್ಯರ್ಥವಾಗತಕ್ಕದ್ದು. ಮೊದಲು ಬಂದವನನ್ನು ಬಿಟ್ಟು ಅನಂತರ ಬಂದವನ ಕಾಗದವನ್ನು ಎತ್ತಿಕೊಳ್ಳಲು ಯಂತ್ರವು ಸಮ್ಮತಿಸದು. ಅಧಿಕಾರಿಯು ಬೆರಳಚ್ಚು ಕೊಟ್ಟೇ ಒಳಹೊಗಬೇಕಾದುದರಿಂದ, ಯಾವ ತಿದ್ದುಪಡಿ ಯಾರ ಕೈಯಿಂದಾಯಿತೆಂಬುದೂ ಉಳಿದಿರುವುದು. ಕಚೇರಿಯ ಪಡಸಾಲೆಯಲ್ಲಿ ‘ನಾಳೆ ಬಾ’ ಎಂಬ ಮಾತಿಗೆ ಇದ್ದ ಬೆಲೆ ತುಸು ಇಳಿದದ್ದು ಈ ಸಾಲಿನ ಶಿಸ್ತಿನಿಂದಲೇ.

ಇನ್ನು ಜೋಡಣೆಯ ಮಾತು. ನಮ್ಮ ರೈತನು ಮೂರು ಎಕರೆಯಲ್ಲಿ ಒಂದನ್ನು ಮಾತ್ರ ಮಾರುವವನಾದುದರಿಂದ, ಮೊದಲು 11ಇ ನಕ್ಷೆ ಆಗಬೇಕು. ಭೂಮಾಪಕನು ಹೊಲಕ್ಕೆ ಬಂದು ಅಳೆದು ಎಳೆದ ಗೆರೆಯು ‘ಮೋಜಿಣಿ’ ಎಂಬ ತಂತ್ರಾಂಶವನ್ನು ಸೇರುವುದು. ಆ ನಕ್ಷೆಯಿಲ್ಲದೆ ಭಾಗದ ಕ್ರಯವು ನೋಂದಣಿಯಾಗದು. ನೋಂದಣಿ ಕಚೇರಿಯ ತಂತ್ರಾಂಶಕ್ಕೆ, ಈ ಸೀಮೆಯವರಿಗೆ ಪರಿಚಿತವಾದ ಹೊಳೆಯದೇ ಹೆಸರು: ‘ಕಾವೇರಿ’. ಅಲ್ಲಿ ಕ್ರಯಪತ್ರವಾದೊಡನೆ ಅದರ ವಿವರವು ತಾನಾಗಿಯೇ ‘ಭೂಮಿ’ಗೆ ಹರಿದು, ಖಾತೆ ಬದಲಾವಣೆಯ ವ್ಯವಹಾರವು ರೈತನು ಬೇರೆ ಅರ್ಜಿಯನ್ನು ಬರೆಯದೆಯೇ ಹುಟ್ಟಿಕೊಳ್ಳುವುದು. ಅನಂತರ ನೋಟೀಸು, ತಕರಾರಿಗೆ ಕಾನೂನು ಕೊಟ್ಟ ಗಡುವು, ಯಾರೂ ಅಡ್ಡಬಾರದಿದ್ದರೆ ರಾಜಸ್ವ ನಿರೀಕ್ಷಕನ ಒಪ್ಪಿಗೆ, ಹೊಸ ಪಹಣಿ. ಮೂರು ಇಲಾಖೆಗಳ ಮೂರು ಯಂತ್ರಗಳು ಒಂದರ ಮಾತನ್ನು ಇನ್ನೊಂದು ತಿಳಿಯುವಂತೆ ಮಾಡಿದ್ದೇ ಇಲ್ಲಿನ ನಿಜವಾದ ಜಾಣ್ಮೆ. ಹಿಂದೆ ಆ ಮಾತನ್ನು ಹೊತ್ತು ತಿರುಗುತ್ತಿದ್ದುದು ರೈತನ ಕಾಲುಗಳು.

ಎಡವುವುದೆಲ್ಲಿ ಎಂದರೆ, ಹೆಸರಿನಲ್ಲಿ. ಮಾದಪ್ಪನ, ಎಂದರೆ ಮಹದೇಶ್ವರನ, ಸೀಮೆಯಲ್ಲಿ ಮಾದೇವ, ಮಾದಯ್ಯ, ಮಹದೇವಸ್ವಾಮಿ ಎಂಬ ಹೆಸರಿಲ್ಲದ ಮನೆ ಅಪರೂಪ. ಅಜ್ಜನ ಕಾಲದ ಪತ್ರದಲ್ಲಿ ‘ಮಾದಪ್ಪ’, ಪಹಣಿಯಲ್ಲಿ ‘ಮಾದೇವ’, ಆಧಾರ್ ಚೀಟಿಯಲ್ಲಿ ‘ಮಹದೇವಸ್ವಾಮಿ’ ಎಂದಿದ್ದರೆ, “ಮೂರೂ ನಾನೇ ಅಲ್ವಾ ಸ್ವಾಮಿ?” ಎಂದು ರೈತನು ಕೇಳುವ ಪ್ರಶ್ನೆ ಸರಿಯಾದದ್ದೇ. ಹಳೆಯ ಶಾನುಭೋಗರಿಗಾದರೆ ಮುಖ ನೋಡಿದೊಡನೆ ಉತ್ತರ ತಿಳಿಯುತ್ತಿದ್ದಿತು. ಯಂತ್ರಕ್ಕೆ ಮುಖವು ತಿಳಿಯದು, ಅಕ್ಷರ ಮಾತ್ರ ತಿಳಿಯುವುದು. ತಂದೆ ತೀರಿಕೊಂಡು ಇಪ್ಪತ್ತು ವರ್ಷವಾದರೂ ಪೌತಿ ಖಾತೆ ಮಾಡಿಸದೆ, ಗತಿಸಿದವರ ಹೆಸರಿನಲ್ಲಿಯೇ ಉಳುತ್ತಿರುವವರ ಕಾಗದವಂತೂ ಮೊದಲ ಮೆಟ್ಟಿಲಿನಲ್ಲಿಯೇ ನಿಂತುಬಿಡುವುದು. ಮಹದೇಶ್ವರ ಬೆಟ್ಟದ ಕಾಡೊಳಗಿನ ಪೋಡುಗಳಲ್ಲಿ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹಾಡಿಗಳಲ್ಲಿ, ಮೊಬೈಲಿನ ಸಂಕೇತವೇ ಸುಳಿಯದ ಕಡೆ, ಜಾಲದ ಮೂಲಕವೆಂಬ ಮಾತು ಪೇಟೆಗೆ ಇಳಿದು ಬರುವ ಬಸ್ಸಿನ ದಾರಿಯನ್ನು ಇನ್ನೂ ತಪ್ಪಿಸಿಲ್ಲ.

ತಡವಾದರೆ ಕೇಳುವುದಕ್ಕೆ ಕಾನೂನೊಂದಿದೆ. 2012ರ ಏಪ್ರಿಲ್ 2ರಿಂದ ರಾಜ್ಯದಲ್ಲೆಲ್ಲ ಜಾರಿಗೆ ಬಂದ ‘ಸಕಾಲ’ದ ಪ್ರಕಾರ, ಅರ್ಜಿದಾರನಿಗೆ 15 ಅಂಕಿಯ ಸಂಖ್ಯೆಯೊಂದು ದೊರೆಯುವುದು, ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಪರಿಹಾರವನ್ನು ಕೇಳಬಹುದು. ಮೊತ್ತವು ಅಲ್ಪವೇ ಸರಿ; ಆದರೆ ಅದು ತಪ್ಪಿದವನ ಸಂಬಳದಿಂದ ಹೋಗತಕ್ಕದ್ದಾದುದರಿಂದ ಅದರ ಚುರುಕು ಅಲ್ಪವಲ್ಲ.

ಹೊಲದ ಕಾಗದದ ಈ ಏರ್ಪಾಟನ್ನು ಕಂಡು ಕೊಳ್ಳೇಗಾಲದ ರೇಷ್ಮೆಯ ವ್ಯಾಪಾರಿಗಳಲ್ಲಿ ಕೆಲವರು, ನೂಲು ಬಣ್ಣಕ್ಕೆ ಹೋದದ್ದು, ಮಗ್ಗಕ್ಕೆ ಬಂದದ್ದು, ಸೀರೆ ಅಂಗಡಿ ಸೇರಿದ್ದನ್ನು ಹೀಗೆಯೇ ಜಾಲದಲ್ಲಿ ನಡೆಯಿಸಬಹುದೇ ಎಂದು ಯೋಚಿಸುವುದುಂಟು. ಚೆನ್ನೈಯ ಜೋಹೊ ಮೊದಲಾದ ಕಂಪನಿಗಳು ಇಂಥ ಸೇವೆಯನ್ನು ಕೆಲವು ದಿನ ಉಚಿತವಾಗಿ ಬಳಸಿ ನೋಡಲು ಕೊಡುತ್ತವೆ. ನೋಡಲಿ, ಆದರೆ ಅದಕ್ಕೆ ಮುಂಚೆ, ಸೀರೆಯೊಂದು ಯಾರ ಕೈಯಿಂದ ಯಾರ ಕೈಗೆ ಹೋಗುವುದೆಂಬುದನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಲಿ. ಹಾಳೆಯಲ್ಲಿ ಸರಿಹೋಗದ ಲೆಕ್ಕವನ್ನು ಯಾವ ಕಂಪನಿಯೂ ಸರಿಪಡಿಸಲಾರದು.

ಹೊಲವುಳ್ಳ ವಾಚಕರಲ್ಲಿ ಒಂದು ವಿಜ್ಞಾಪನೆ. ಮಾರುವ, ಸಾಲ ತೆಗೆಯುವ ಸಂದರ್ಭ ಬರುವವರೆಗೆ ಕಾಯದೆ, ಈ ವಾರವೇ ನಿಮ್ಮ ಪಹಣಿಯ ಒಂದು ಪ್ರತಿಯನ್ನು ತೆಗೆಸಿ, ಅದರಲ್ಲಿರುವ ಹೆಸರನ್ನೂ ಆಧಾರ್ ಚೀಟಿಯ ಹೆಸರನ್ನೂ ಅಕ್ಕಪಕ್ಕದಲ್ಲಿಟ್ಟು ಅಕ್ಷರಶಃ ಓದಿಕೊಳ್ಳಿ. ವ್ಯತ್ಯಾಸವಿದ್ದರೆ ತಿದ್ದುಪಡಿಗೆ ಅರ್ಜಿ ಕೊಟ್ಟು, ಸ್ವೀಕೃತಿಯ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.