ಮನೆ ಬಿಟ್ಟಿದ್ದಾರೆ

ಮಹಾಸಭೆಯ ನೋಟೀಸುಗಳನ್ನು ಅಂಚೆಗೆ ಹಾಕಿದ ಹತ್ತು ಹನ್ನೆರಡು ದಿನಕ್ಕೆ ಅವುಗಳಲ್ಲೊಂದು ಕಟ್ಟು ನಮ್ಮ ಕಛೇರಿಗೇ ಹಿಂದಿರುಗುವುದು ವರ್ಷವರ್ಷದ ಸಂಗತಿ. ಮೇಲೆ 'ಮನೆ ಬಿಟ್ಟಿದ್ದಾರೆ' ಎಂಬ ಒಕ್ಕಣೆ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ವಿಳಾಸಗಳೇ ಇವುಗಳಲ್ಲಿ ಬಹಳ. ಮಕ್ಕಳ ಓದಿಗೆಂದು ನಮ್ಮ ಸದಸ್ಯರು ಅಲ್ಲಿ ಮನೆ ಮಾಡಿದ್ದರು. ಈಗ ಹೆಂಚಿನ ಮನೆಗಳನ್ನು ಕೆಡವಿ ಫ್ಲಾಟು ಏಳುತ್ತಿವೆ, ಮನೆಯವರು ಚದುರಿದ್ದಾರೆ.

ಈ ವಿಷಯದಲ್ಲಿ ನಾವೂ ಜಾಣರಲ್ಲ. ಚಾಮರಾಜಪೇಟೆಯ ಬಾಡಿಗೆ ಮನೆ ಬಿಟ್ಟು ಮಲ್ಲೇಶ್ವರಕ್ಕೆ ಹೋದಾಗ ಗ್ಯಾಸಿನವರಿಗೆ, ಹಾಲಿನವನಿಗೆ, ಪೇಪರಿನ ಹುಡುಗನಿಗೆ ಹೇಳಿದೆವು, ಅಂಚೆಯವರಿಗೆ ಹೇಳಲಿಲ್ಲ. ಮೂರು ತಿಂಗಳ ಮೇಲೆ ಆ ಬೀದಿಗೆ ಹೋದರೆ ಗೇಟಿನ ಪೆಟ್ಟಿಗೆಯಲ್ಲಿ ಮಳೆಗೆ ನೆನೆದ ಕಾಗದಗಳು. ನಡುವೆ ಸೋದರತ್ತೆಯವರದೊಂದು ಕಾರ್ಡು: 'ಒಂದು ಸಲ ಬಂದು ಹೋಗು ಮಗು.' ಆ ವೇಳೆಗೆ ಅವರ ತಿಥಿಯೂ ಮುಗಿದಿತ್ತು. ಸಾವಿನ ಸುದ್ದಿ ಫೋನಿನಲ್ಲಿ ಬಂದಿತ್ತು. ಕರೆದದ್ದು ಮಾತ್ರ ಕಾರ್ಡಿನಲ್ಲಿ.

ಬೇಕಾದದ್ದು ಒಂದು ಹಾಳೆ ಅರ್ಜಿ. ಹೊಸ ಮನೆಯ ಅಂಚೆ ಕಛೇರಿಗೆ ಕೊಟ್ಟು ಸುಮ್ಮನಾಗುವವರಿದ್ದಾರೆ, ಅದು ತಪ್ಪು. ಹಳೆಯ ವಿಳಾಸಕ್ಕೆ ಬಟವಾಡೆ ಮಾಡುವ ಕಛೇರಿಗೇ ಕೊಡಬೇಕು. ಅದು ಯಾವುದೆಂದು ನಿಮ್ಮ ಪೋಸ್ಟ್‌ಮನ್ನನ್ನೇ ಕೇಳಿ. ಹತ್ತಿರವಿದ್ದ ಮಾತ್ರಕ್ಕೆ ಎಲ್ಲ ಕಛೇರಿಗಳಿಂದಲೂ ಬಟವಾಡೆ ಇರುವುದಿಲ್ಲ. ಕಾಗದ ಬರುವ ಎಲ್ಲರ ಹೆಸರು, ಎರಡೂ ವಿಳಾಸ, ರುಜು ಇರಲಿ. ಗುರುತಿನ ಚೀಟಿಯ ಪ್ರತಿ ಜೊತೆಗೊಯ್ಯಿರಿ. ಈ ಏರ್ಪಾಡು ಶಾಶ್ವತವಲ್ಲ. ಎಷ್ಟು ದಿನವೆಂದು ಅಲ್ಲೇ ಕೇಳಿ ಬರೆದುಕೊಳ್ಳಿ.

ಹಳೆಯ ಮನೆಗೆ ಬಂದವರು ಸಹೃದಯರಾದರೆ ಕೆಲಸ ಇನ್ನೂ ಸುಲಭ. ಅವರು ಕಾಗದವನ್ನು ಒಡೆಯದೆ, ತಡಮಾಡದೆ, ಹಳೆಯ ವಿಳಾಸ ಹೊಡೆದು ಹೊಸದನ್ನು ಬರೆದು ಪೋಸ್ಟ್‌ಮನ್ ಕೈಗೆ ಕೊಟ್ಟರೆ ಸಾಕು; ಸಾದಾ ಕಾಗದಕ್ಕೆ ಮತ್ತೆ ಅಂಚೆಚೀಟಿ ಬೇಡ.

ಪಿನ್ ಕೋಡನ್ನು ಅಲಂಕಾರವೆಂದು ತಿಳಿದವರು ಇನ್ನೂ ಇದ್ದಾರೆ. ಅದು 15 ಆಗಸ್ಟ್ 1972ರಂದು ಬಂದದ್ದು. ಪ್ಲೇಗಿನ ಕಾಲದಲ್ಲಿ, 1898ರಲ್ಲಿ, ರೂಪುಗೊಂಡ ಬಸವನಗುಡಿ ಮತ್ತು ಮಲ್ಲೇಶ್ವರದ ಮಾದರಿಯಲ್ಲೇ ಅನಂತರದ ಬಡಾವಣೆಗಳಿಗೂ ಅಡ್ಡರಸ್ತೆಗಳ ಅಂಕಿ ಬಿದ್ದವು. ಬರೀ '8ನೇ ಅಡ್ಡರಸ್ತೆ, ಬೆಂಗಳೂರು' ಎಂದರೆ ಯಾರ ಮನೆ? 560003 ಎಂದರೆ ಮಲ್ಲೇಶ್ವರ, 560004 ಬಸವನಗುಡಿ, 560018 ಚಾಮರಾಜಪೇಟೆ. ಮಲ್ಲೇಶ್ವರದ ಪಶ್ಚಿಮ ಭಾಗಕ್ಕೆ 560055. ಒಂದೇ ಬಡಾವಣೆಯೊಳಗೆ ಮನೆ ಬದಲಿಸಿದರೂ ಅಂಕಿ ಬದಲಾಗಬಹುದು.

2025ರಲ್ಲಿ ರಿಜಿಸ್ಟರ್ಡ್ ಅಂಚೆ ಸ್ಪೀಡ್ ಪೋಸ್ಟಿನೊಳಗೆ ಸೇರಿದೆ. ಬ್ಯಾಂಕಿನ ಕಾರ್ಡು, ಪಾಸ್‌ಪೋರ್ಟುಗಳಿಗೆ ಮಾತ್ರ ಮರುರವಾನೆಯನ್ನು ನಂಬಿ ಕೂರಬೇಡಿ; ಕಳಿಸುವವರಿಗೇ ಹೊಸ ವಿಳಾಸ ಕೊಡಿ. ಕೊರಿಯರಿನವರಿಗೂ ಅಂಚೆಯ ಅರ್ಜಿಗೂ ಸಂಬಂಧವಿಲ್ಲ.

ನಮ್ಮ ಸಂಘಕ್ಕೂ ಒಂದು ಸಾಲು ಬರೆಯಿರಿ, ಷೇರು ನಂಬರು ಸಹಿತ. ಹೋದ ಸಲ ಸಾಲದ ಕಂತಿನ ನೋಟೀಸು ತಲುಪದೆ ಸದಸ್ಯರೊಬ್ಬರು ಗಡುವು ತಪ್ಪಿಸಿಕೊಂಡು ಹೆಚ್ಚಿನ ಬಡ್ಡಿ ತೆತ್ತರು. ಬೈಲಾ ನೋಡಿದರೆ ತಪ್ಪು ನಮ್ಮದಲ್ಲ. ಆದರೂ ಅವರೆದುರು ಕೂತು ರಶೀದಿ ಬರೆಯುವಾಗ ಕೈ ಸರಾಗವಾಗಿ ಓಡಲಿಲ್ಲ.

ಈ ಸಲದ ಕಟ್ಟು ನಮ್ಮ ಮೇಜಿನ ಎಡಗಡೆ ಡ್ರಾಯರಿನಲ್ಲಿದೆ. ಹೆಸರು ಹೇಳಿ ಕೇಳಿದರೆ ಹುಡುಕಿ ಕೊಡುತ್ತೇವೆ.