ಚೊಗರು ಬಲ್ಲ ನಾಲಿಗೆಗೆ ಚೀನಾದ ಹಸಿರು ಚಹಾ

ಶಿಕಾರಿಪುರದ ಕಿರಾಣಿ ಅಂಗಡಿಗಳಲ್ಲಿ, ಸೊರಬದ ಮೆಡಿಕಲ್ ಶಾಪುಗಳಲ್ಲಿ ಗ್ರೀನ್ ಟೀ ಈಗ ಅಪರೂಪದ ಸಾಮಾನಲ್ಲ. ಓಟ್ಸ್ ಮತ್ತು ಜೇನುತುಪ್ಪದ ಪಕ್ಕದಲ್ಲೇ ಅದರ ಡಬ್ಬಿಯೂ ಕೂತಿರುತ್ತದೆ. ಕೊಳ್ಳುವವರು ಹೆಚ್ಚಾಗಿ ಶುಗರ್ ಇರುವವರು, ಇಲ್ಲವೇ ತೂಕ ಇಳಿಸಲು ಹೊರಟವರು. ಕುದಿಯುವ ನೀರಿಗೆ ದಾರ ಕಟ್ಟಿದ ಚೀಲ ಇಳಿಬಿಟ್ಟು, ಹತ್ತು ನಿಮಿಷ ಮರೆತು, ಆಮೇಲೆ ಮುಖ ಕಿವುಚಿಕೊಂಡು ಕುಡಿಯುತ್ತಾರೆ. ಕಹಿಯಾದಷ್ಟೂ ಮೈಗೆ ಒಳ್ಳೆಯದು ಎಂಬ ನಂಬಿಕೆ ಬೇರೆ.

ಹಸಿರು ಚಹಾದ ತವರಾದ ಚೀನಾದಲ್ಲಿ ಅದನ್ನು ಯಾರೂ ಔಷಧಿಯಂತೆ ಕುಡಿಯುವುದಿಲ್ಲ. ಅಲ್ಲಿ ಬೆಳೆಯುವ ಚಹಾದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹಸಿರು ಚಹಾದ್ದೇ. ಉದ್ದನೆಯ ಗಾಜಿನ ಲೋಟಕ್ಕೆ ಒಂದು ಚಿಟಿಕೆ ಎಲೆ ಹಾಕಿ ಬಿಸಿನೀರು ಹೊಯ್ಯುತ್ತಾರೆ. ಮೂರನೆಯ ಒಂದು ಭಾಗ ಉಳಿದಾಗ ಮತ್ತೆ ನೀರು. ಅದೇ ಎಲೆ ಮೂರು ನಾಲ್ಕು ಸುತ್ತು ರುಚಿ ಕೊಡುತ್ತದೆ. ಹಾಲಿಲ್ಲ, ಸಕ್ಕರೆಯಿಲ್ಲ, ನಿಂಬೆಯೂ ಇಲ್ಲ. ನಮ್ಮ ಡಿಪ್ ಚೀಲದಲ್ಲಿ ಇರುವುದು ಬಹುಪಾಲು ಪುಡಿ ಮತ್ತು ಮುರುಕು ಎಲೆ. ಪುಡಿಯಿಂದ ಒಗರು ಒಂದೇ ಸಲಕ್ಕೆ ಹೊರಗೆ ನುಗ್ಗುತ್ತದೆ. ಇಡೀ ಎಲೆ ಅದನ್ನು ನಿಧಾನವಾಗಿ ಬಿಡುತ್ತದೆ. ಇವೆರಡನ್ನೂ ಒಂದೇ ಹೆಸರಿನಲ್ಲಿ ಮಾರುವುದು ಎಲೆಗೆ ಮಾಡುವ ಅನ್ಯಾಯ.

ಈ ಅನ್ಯಾಯವನ್ನು ಬೇರೆಯವರಿಗಿಂತ ಬೇಗ ಗುರುತಿಸಬಲ್ಲವರು ಈ ಎರಡು ತಾಲ್ಲೂಕಿನ ಅಡಿಕೆಯವರು. ಕಾರಣವಿದೆ. ಚಹಾದ ಎಲೆಯಲ್ಲಿಯೂ ಎಳೆ ಅಡಿಕೆಯಲ್ಲಿಯೂ ನಾಲಿಗೆ ಬಿಗಿಯುವ ವಸ್ತುಗಳು ಒಂದೇ ಬಳಗದವು, ಪಾಲಿಫಿನಾಲ್‌ಗಳು. ಕೊನೆಗೌಡ ಇಳಿಸಿದ ಹಸಿ ಅಡಿಕೆಯನ್ನು ಸುಲಿದ ಮೇಲೆ ತಡ ಮಾಡುವಂತಿಲ್ಲ, ಬೇಗ ಹಂಡೆಗೆ ಬೀಳಬೇಕು. ತಡವಾದರೆ ಬಣ್ಣ ಕೆಡುತ್ತದೆ. ಬೇಯುವಾಗ ಬಿಟ್ಟ ರಸ ಚೊಗರಾಗುತ್ತದೆ. ಅದರ ಹದ, ದಪ್ಪ, ಬಣ್ಣ ನೋಡುವುದೇ ಒಂದು ವಿದ್ಯೆ. ಚೀನಾದ ಚಹಾ ತೋಟದಲ್ಲೂ ಹೀಗೆಯೇ ಗಡಿಯಾರದ ಜೊತೆ ಓಟ. ಚಿವುಟಿದ ಎಲೆ ತನ್ನಷ್ಟಕ್ಕೆ ಬಿಟ್ಟರೆ ಒಳಗಿನ ಕಿಣ್ವಗಳು ಗಾಳಿಯ ಜೊತೆ ಸೇರಿ ಅದನ್ನು ಕಂದು ಮಾಡುತ್ತವೆ. ಆ ದಾರಿಯಲ್ಲಿ ಪೂರ್ತಿ ಹೋದರೆ ಕಪ್ಪು ಚಹಾ, ಅರ್ಧಕ್ಕೆ ನಿಂತರೆ ಊಲಾಂಗ್. ಶುರುವಿನಲ್ಲೇ ಬಿಸಿ ತಾಗಿಸಿ ಕಿಣ್ವವನ್ನು ಸಾಯಿಸಿದರೆ ಹಸಿರು ಚಹಾ. ಗಿಡ ಮಾತ್ರ ಮೂರಕ್ಕೂ ಒಂದೇ.

ಬೆಲೆಯ ಲೆಕ್ಕವೂ ಪರಿಚಿತವೇ. ಅಡಿಕೆ ಮಂಡಿಯಲ್ಲಿ ಎಳೆಯ ಸರಕಿಗೆ ಮೇಲಿನ ದರ, ಆಮೇಲೆ ಬೆಟ್ಟೆ, ರಾಶಿ, ಬಲಿತ ಗೊರಬಲು ಕೊನೆಗೆ. ಚಹಾದಲ್ಲಿ ಎಳೆತನವನ್ನು ಅಳೆಯುವುದು ಪಂಚಾಂಗದಿಂದ. ಏಪ್ರಿಲ್ 4 ಅಥವಾ 5ರಂದು ಬರುವ ಚಿಂಗ್‌ಮಿಂಗ್ ಹಬ್ಬಕ್ಕೆ ಮುಂಚೆ ಚಿವುಟಿದ ಚಿಗುರು ಅತಿ ದುಬಾರಿ. ಏಪ್ರಿಲ್ 20ರ ಸುಮಾರಿನ ‘ಧಾನ್ಯದ ಮಳೆ’ಯ ತನಕ ಕೊಯ್ದದ್ದು ಎರಡನೆಯ ದರ್ಜೆ. ಆಮೇಲಿನದು ಮನೆ ಬಳಕೆಗೆ. ನಮ್ಮಲ್ಲಿ ಯುಗಾದಿ ಬರುವ ಹೊತ್ತಿಗೆ ಅಲ್ಲಿ ವರ್ಷದ ದೊಡ್ಡ ವ್ಯಾಪಾರ ಶುರುವಾಗಿರುತ್ತದೆ. ಚಳಿಗಾಲವಿಡೀ ಮಲಗಿದ ಗಿಡ ಕೂಡಿಟ್ಟುಕೊಂಡ ಥಿಯನಿನ್ ಎಂಬ ಅಮೈನೋ ಆಮ್ಲ ಮೊದಲ ಚಿಗುರಿನಲ್ಲಿ ಹೆಚ್ಚು. ಬಿಸಿಲು ಏರಿದಂತೆ ಅದು ಕಡಿಮೆಯಾಗಿ ಒಗರಿನ ಕೆಟೆಚಿನ್‌ಗಳು ಜಾಸ್ತಿಯಾಗುತ್ತವೆ. ಮೊದಲ ಕೊಯ್ಲು ಸಿಹಿ, ಬೇಸಿಗೆಯ ಕೊಯ್ಲು ಕಹಿ ಎಂಬ ಮಾತಿನ ಹಿಂದೆ ಇರುವುದು ಈ ರಸಾಯನ. ಜಪಾನಿನ ವಿಜ್ಞಾನಿಗಳು ಥಿಯನಿನ್ ಅನ್ನು ಗುರುತಿಸಿದ್ದು 1949ರಲ್ಲಿ. ಚೀನಾದ ತೋಟದವರು ಅದನ್ನು ನಾಲಿಗೆಯಿಂದ ಕಂಡುಕೊಂಡು ಶತಮಾನಗಳೇ ಆಗಿದ್ದವು.

ಬಿಸಿ ತಾಗಿಸುವ ರೀತಿಯಲ್ಲೇ ರುಚಿಯ ಮೊದಲ ಕವಲು. ಜಪಾನಿನವರು ಹಬೆಯಲ್ಲಿ ಬೇಯಿಸುತ್ತಾರೆ, ಅವರ ಚಹಾದಲ್ಲಿ ಕಡಲಪಾಚಿಯ ಘಮ. ಚೀನಾದವರು ಹೆಚ್ಚಾಗಿ ಬಾಣಲೆಯಲ್ಲಿ ಹುರಿಯುತ್ತಾರೆ. ಜೆಜಿಯಾಂಗ್ ಪ್ರಾಂತ್ಯದ ಹಾಂಗ್‌ಝೌ ನಗರದ ಪಶ್ಚಿಮ ಸರೋವರದ ಸುತ್ತ ಬೆಳೆಯುವ ಲೊಂಗ್‌ಜಿಂಗ್ ಇದಕ್ಕೆ ಒಳ್ಳೆಯ ಉದಾಹರಣೆ. ಕಾದ ಬಾಣಲೆಗೆ ಒಂದಿಷ್ಟೇ ಎಲೆ ಬೀಳುತ್ತದೆ. ಹುರಿಯುವವನ ಕೈಯಲ್ಲಿ ಸೌಟಿಲ್ಲ, ಅಂಗೈಯೇ ಸೌಟು. ಎಲೆಯನ್ನು ಎತ್ತುತ್ತಾನೆ, ಜಾಡಿಸುತ್ತಾನೆ, ಬಾಣಲೆಯ ಬದಿಗೆ ಒತ್ತಿ ಎಳೆಯುತ್ತಾನೆ, ಮತ್ತೆ ಉದುರಿಸುತ್ತಾನೆ. ಇಂಥ ಹತ್ತು ಕೈಚಳಕಗಳಿಗೆ ಅಲ್ಲಿ ಬೇರೆ ಬೇರೆ ಹೆಸರಿದೆ. ಮೊದಲ ಹುರಿತದಲ್ಲಿ ಎಲೆ ಬಾಡಿ ಚಪ್ಪಟೆಯಾಗುತ್ತದೆ. ಹೊರಗೆ ತೆಗೆದು ತಣಿಸುತ್ತಾರೆ, ಎಲೆಯೊಳಗಿನ ತೇವ ತುದಿಯಿಂದ ಬುಡದವರೆಗೆ ಸಮನಾಗಬೇಕು. ಎರಡನೆಯ ಹುರಿತದಲ್ಲಿ ಅದು ಒಣಗಿ, ನಯವಾಗಿ, ಹೊಳೆಯುವ ಪಟ್ಟಿಯಾಗುತ್ತದೆ. ಒಂದು ಕಿಲೋ ಚಹಾಕ್ಕೆ ನಾಲ್ಕು ಕಿಲೋಕ್ಕೂ ಮಿಕ್ಕಿ ಹಸಿ ಚಿಗುರು ಬೇಕು. ಯಂತ್ರಗಳು ಬಂದು ಬಹಳ ಕಾಲವಾಯಿತು, ಆದರೂ ಮೇಲಿನ ದರ್ಜೆಗೆ ಕೈಹುರಿತವೇ ಗೌರವ. 2022ರ ನವೆಂಬರಿನಲ್ಲಿ ಯುನೆಸ್ಕೊ ಚೀನಾದ ಸಾಂಪ್ರದಾಯಿಕ ಚಹಾ ತಯಾರಿಕೆಯ ವಿದ್ಯೆಗಳನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಲೊಂಗ್‌ಜಿಂಗ್ ಕುಡಿದರೆ ಹುರಿದ ಕಾಳಿನ, ಕೆಲವರು ಹೇಳುವಂತೆ ಸುಟ್ಟ ಚೆಸ್ಟ್‌ನಟ್ಟಿನ ಪರಿಮಳ ಬರುತ್ತದೆ. ಆದರೆ ಸೊರಬ, ಆನವಟ್ಟಿ ಕಡೆಯ ತೋಟದವರಿಗೆ ಹೆಚ್ಚು ಹತ್ತಿರವಾಗಬೇಕಾದ್ದು ಜಿಯಾಂಗ್ಸು ಪ್ರಾಂತ್ಯದ ಬಿಲೊಚುನ್. ಅಡಿಕೆಯ ಕೆಳಗೆ ಬಾಳೆ, ಏಲಕ್ಕಿ, ಮರಕ್ಕೆ ಹಬ್ಬಿದ ಮೆಣಸು ಬೆಳೆಸುವವರು ಅದರ ತೋಟವನ್ನು ಕೂಡಲೇ ಗುರುತಿಸಿಯಾರು. ತಾಯ್ ಸರೋವರದ ದೊಂಗ್‌ತಿಂಗ್ ಗುಡ್ಡಗಳಲ್ಲಿ ಚಹಾ ಗಿಡಗಳ ನಡುವೆ ಲೊಕಾಟ್, ಪ್ಲಮ್, ಕಿತ್ತಳೆ ಜಾತಿಯ ಮರಗಳಿವೆ. ಹೂ ಹಣ್ಣಿನ ಘಮ ಚಹಾಕ್ಕೆ ಆ ನೆರೆಹೊರೆಯಿಂದಲೇ ಬಂತು ಎಂದು ಅಲ್ಲಿಯವರು ನಂಬುತ್ತಾರೆ. ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡ, ಬಿಳಿ ರೋಮದ ಪುಟ್ಟ ಚಿಗುರುಗಳು. ಅರ್ಧ ಕಿಲೋಗೆ ಅರವತ್ತು ಸಾವಿರಕ್ಕೂ ಹೆಚ್ಚು ಬೇಕಂತೆ. ಇದರ ಹಳೆಯ ಹೆಸರಿನ ಅರ್ಥ ‘ಎದೆ ಝಲ್ಲೆನಿಸುವ ಪರಿಮಳ’. ಕಾಂಗ್‌ಶಿ ಚಕ್ರವರ್ತಿಗೆ ಆ ಹೆಸರು ಒರಟೆನಿಸಿ ಈಗಿನದನ್ನು ಇಟ್ಟ ಎಂಬುದು ಜನಜನಿತ ಕಥೆ.

ಆನ್‌ಹುಯಿ ಪ್ರಾಂತ್ಯದ್ದು ಬೇರೆಯೇ ಲೋಕ. ಅಲ್ಲಿನ ತಾಯ್‌ಪಿಂಗ್ ಹೌಕುಯಿಯ ಎಲೆ ಬೆರಳುದ್ದ. ಬಟ್ಟೆ ಮತ್ತು ಜಾಲರಿಯ ನಡುವೆ ಒತ್ತಿ ಒಣಗಿಸುವುದರಿಂದ ನೇಯ್ಗೆಯ ಗೆರೆ ಎಲೆಯ ಮೇಲೆ ಉಳಿದಿರುತ್ತದೆ. ಲಿಯು ಆನ್ ಗುವಾಪಿಯನ್ ಎಂಬುದರಲ್ಲಿ ಚಿಗುರೂ ಇಲ್ಲ, ತೊಟ್ಟೂ ಇಲ್ಲ, ಬರೀ ಎಲೆ. ಕಡೆಗೆ ಕೆಂಡದ ಮೇಲೆ ಬುಟ್ಟಿಯಲ್ಲಿ ಕಾಯಿಸಿ ಇಳಿಸುತ್ತಾರೆ. ಇನ್ನು ಜೆಜಿಯಾಂಗಿನ ‘ಗನ್‌ಪೌಡರ್’ ಗುಂಡುಗಳು ಹಡಗು ಹತ್ತಿ ಮೊರಾಕೊ ಸೇರಿ, ಪುದೀನ ಮತ್ತು ಬೊಗಸೆ ಸಕ್ಕರೆಯ ಜೊತೆ ಬೇಯುತ್ತವೆ. ಸಕ್ಕರೆ ಬಿಡಲಾರದವರು ಅಲ್ಲಿಂದ ಶುರುಮಾಡಬಹುದು.

ಸವಿಯುವ ಕ್ರಮಕ್ಕೆ ದೊಡ್ಡ ಸಲಕರಣೆ ಏನೂ ಬೇಡ. ವೃತ್ತಿಪರ ಪರೀಕ್ಷಕರು 3 ಗ್ರಾಂ ಎಲೆಗೆ 150 ಮಿಲಿ ಲೀಟರ್ ಕುದಿನೀರು ಹೊಯ್ದು 4 ನಿಮಿಷ ಬಿಡುತ್ತಾರೆ. ಅವರಿಗೆ ಬೇಕಾದದ್ದು ದೋಷ ಹೊರಗೆ ಬರುವುದು, ಸುಖವಲ್ಲ. ಮನೆಯಲ್ಲಿ ಕುಡಿಯುವವರು ನೀರನ್ನು 80 ಡಿಗ್ರಿಯ ಆಸುಪಾಸಿಗೆ ಇಳಿಸಿಕೊಳ್ಳಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಕುದಿದ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎರಡು ಸಲ ಹೊಯ್ದರೆ ಸಾಕು. ಬಿಸಿ ಕಡಿಮೆಯಾದಾಗ ಕೆಫೀನ್ ಮತ್ತು ಒಗರು ಹಿಂದುಳಿದು ಥಿಯನಿನ್‌ನ ಸವಿ ಮುಂದೆ ಬರುತ್ತದೆ. ಒಂದೂವರೆ ಎರಡು ನಿಮಿಷ ಸಾಕು. ಬಿಲೊಚುನ್‌ನಂಥ ಎಳೆಯದಕ್ಕೆ ಮೊದಲು ನೀರು, ಆಮೇಲೆ ಎಲೆ. ಉದುರಿದ ಚಿಗುರು ಬಿಳಿ ರೋಮ ಕೊಡವಿಕೊಂಡು ತಳಕ್ಕೆ ಇಳಿಯುತ್ತದೆ. ಲೋಟ ಗಾಜಿನದೇ ಇರಲಿ, ಸ್ಟೀಲ್ ಲೋಟದಲ್ಲಿ ಅರ್ಧ ಮೋಜು ನಷ್ಟ.

ನೋಡಬೇಕಾದ್ದು ಐದು: ಒಣ ಎಲೆಯ ಆಕಾರ, ರಸದ ಬಣ್ಣ, ಪರಿಮಳ, ರುಚಿ, ಕೊನೆಗೆ ತಳದಲ್ಲಿ ಉಳಿದ ಎಲೆ. ಹೊಸಬರು ಐದನೆಯದನ್ನು ಚೆಲ್ಲಿಬಿಡುತ್ತಾರೆ. ಎಲ್ಲ ಗುಟ್ಟು ಇರುವುದು ಅಲ್ಲೇ. ನೆನೆದ ಎಲೆಯನ್ನು ತಟ್ಟೆಗೆ ಹಾಕಿ ಬಿಡಿಸಿದರೆ ಒಂದು ಚಿಗುರಿಗೆ ಎಷ್ಟು ಎಲೆ, ಹರಿದಿದೆಯೋ, ಅಂಚು ಸೀದಿದೆಯೋ, ಕೆಂಪು ತಿರುಗಿದೆಯೋ, ಎಳೆಯದರ ಜೊತೆ ಬಲಿತದ್ದು ಬೆರೆತಿದೆಯೋ ಎಲ್ಲವೂ ಕಾಣುತ್ತದೆ. ಅಡಿಕೆಯನ್ನು ಅಡಕತ್ತರಿಯಲ್ಲಿ ಸೀಳಿ ಒಳಗು ನೋಡದೆ ದರ ಹೇಳದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರುಚಿ ನೋಡುವಾಗ ಗಾಳಿಯ ಜೊತೆ ಸೊರ್ ಎಂದು ಹೀರಬೇಕು, ಪರಿಮಳ ಮೂಗಿನ ಹಿಂಬದಿಗೆ ಏರುವುದು ಆಗಲೇ. ಬಸಿಯಲ್ಲಿ ಚಹಾ ಹೀರುವ ಅಜ್ಜಂದಿರಿಗೆ ಮನೆಯವರು ಇನ್ನು ಗದರಬೇಕಾಗಿಲ್ಲ. ನುಂಗಿದ ಮೇಲೆ ಅರ್ಧ ನಿಮಿಷ ಸುಮ್ಮನಿದ್ದರೆ, ಒಳ್ಳೆಯ ಚಹಾದಲ್ಲಿ ಒಗರು ಕರಗಿ ಗಂಟಲಲ್ಲಿ ಸಿಹಿ ಮರಳುತ್ತದೆ. ಮರಳದಿದ್ದರೆ ಅದು ಬರೀ ಒಗರು.

ನೀರಿನ ಬಗ್ಗೆ ಮೊದಲು ಕಟ್ಟುನಿಟ್ಟಾಗಿ ಬರೆದವನು ತಾಂಗ್ ಕಾಲದ, ಎಂಟನೆಯ ಶತಮಾನದ ಲು ಯು. ಚಹಾದ ಮೇಲಿನ ತನ್ನ ಗ್ರಂಥದಲ್ಲಿ ಆತ ಬೆಟ್ಟದ ಊಟೆಯ ನೀರಿಗೆ ಮೊದಲ ಸ್ಥಾನ, ಹೊಳೆಗೆ ಎರಡನೆಯದು, ಬಾವಿಗೆ ಕೊನೆಯದು ಕೊಟ್ಟ. ಬೆಟ್ಟದ ಮಗ್ಗುಲಿನ ಚಂದ್ರಗುತ್ತಿಯ ಕಡೆಯವರು ಸಮಾಧಾನಪಡಬಹುದು. ಆಳದ ಕೊಳವೆಬಾವಿಯ ಗಡಸು ನೀರಿಗೆ ಬಿದ್ದ ಹಸಿರು ಚಹಾ ಮಂಕಾಗುತ್ತದೆ, ಮೇಲೆ ತೆಳ್ಳಗೆ ಕೆನೆಯಂಥ ಪೊರೆ ಕಟ್ಟುತ್ತದೆ. ಅಂಥ ಕಡೆ ಮಳೆನೀರೋ ಫಿಲ್ಟರ್ ನೀರೋ ಲೇಸು. ಅಂದಹಾಗೆ ಲು ಯು ಕುಡಿದದ್ದು ಇಂದಿನ ಸಡಿಲ ಎಲೆಯನ್ನಲ್ಲ. ಅಚ್ಚಿನಲ್ಲಿ ಒತ್ತಿದ ಚಹಾವನ್ನು ಸುಟ್ಟು, ಪುಡಿ ಮಾಡಿ, ಚಿಟಿಕೆ ಉಪ್ಪಿನ ಜೊತೆ ಕುದಿಸುತ್ತಿದ್ದರು. ಮಿಂಗ್ ವಂಶದ ಮೊದಲ ಚಕ್ರವರ್ತಿ 1391ರಲ್ಲಿ ಅರಮನೆಗೆ ಅಚ್ಚು ಚಹಾದ ಕಪ್ಪವನ್ನು ನಿಲ್ಲಿಸಿ ಸಡಿಲ ಎಲೆ ಕಳಿಸಲು ಅಪ್ಪಣೆ ಮಾಡಿದ ಮೇಲೆ ಎಲೆ ನೆನೆಸಿ ಕುಡಿಯುವ ರೂಢಿ ಬಲವಾಯಿತು.

ಉಪ್ಪು ಹಾಕುವ ರೂಢಿ ಟಿಬೆಟಿನವರಲ್ಲಿ ಇಂದಿಗೂ ಇದೆ. ಅದನ್ನು ಕಾಣಲು ದೂರ ಹೋಗಬೇಕಿಲ್ಲ. ಆನವಟ್ಟಿಯಿಂದ ಹಾನಗಲ್ ದಾಟಿ ಮುಂಡಗೋಡಕ್ಕೆ ಹೋದರೆ 1966ರಲ್ಲಿ ನೆಲೆಯಾದ ಟಿಬೆಟನ್ ಕ್ಯಾಂಪ್ ಇದೆ. ಅವರ ಬೆಣ್ಣೆ ಚಹಾ ಹಸಿರು ಚಹಾ ಅಲ್ಲ, ಇಟ್ಟಿಗೆಯಂತೆ ಒತ್ತಿದ ಗಾಢ ಚಹಾದ್ದು. ಆದರೂ ಸಕ್ಕರೆಯಿಲ್ಲದ ಚಹಾಕ್ಕೆ ನಾಲಿಗೆ ಒಗ್ಗಿಸಿಕೊಳ್ಳಲು ಅದು ಒಳ್ಳೆಯ ಮೆಟ್ಟಿಲು.

ಭಾರತಕ್ಕೆ ಚೀನಾದ ಗಿಡ ಬಂದದ್ದು ಬ್ರಿಟಿಷರ ಕೈಯಿಂದ. 1834ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಚಹಾ ಸಮಿತಿ ನೇಮಿಸಿದ. 1848ರಲ್ಲಿ ಚೀನಾಕ್ಕೆ ಹೋದ ಸಸ್ಯತಜ್ಞ ರಾಬರ್ಟ್ ಫಾರ್ಚೂನ್ ವೇಷ ಮರೆಸಿಕೊಂಡು ಗಿಡ, ಬೀಜ, ಕುಶಲಕರ್ಮಿಗಳನ್ನು ಹಿಮಾಲಯದ ತೋಟಗಳಿಗೆ ಸಾಗಿಸಿದ. ಕಾಂಗ್ರಾ ಕಣಿವೆಯಲ್ಲಿ ಆ ಚೀನೀ ಜಾತಿಯ ಗಿಡಗಳು ಇವತ್ತೂ ಇವೆ, ಹಸಿರು ಚಹಾವೂ ಆಗುತ್ತದೆ. ಉಳಿದ ದೇಶವನ್ನು ಅಸ್ಸಾಂ ಜಾತಿಯ ಎಲೆ ಗೆದ್ದುಕೊಂಡಿತು. 1930ರ ದಶಕದಲ್ಲಿ ಬಂದ ಸಿಟಿಸಿ ಯಂತ್ರ ಎಲೆಯನ್ನು ಹರಳಿನಂತೆ ಕತ್ತರಿಸಿ ಹಾಲಿನ ಚಹಾಕ್ಕೆ ಹೇಳಿಮಾಡಿಸಿದ ಪುಡಿ ಕೊಟ್ಟಿತು. ಕರ್ನಾಟಕದ ಚಹಾ ತೋಟಗಳು ಕಡಿಮೆ. ಚಿಕ್ಕಮಗಳೂರಿನ ಕೆಳಗೂರು, ಸಂಸೆ, ಕೊಡಗಿನ ಒಂದು ಮೂಲೆ ಇಷ್ಟರಲ್ಲೇ ಹೆಸರಾದವು ಮುಗಿಯುತ್ತವೆ.

ಆರೋಗ್ಯದ ಮಾತು ಬಾರದೆ ಈ ವಿಷಯ ಮುಗಿಯದು. ಹಸಿರು ಚಹಾ ಹೊಟ್ಟೆ ಕರಗಿಸುತ್ತದೆ ಎಂಬುದು ಜಾಹೀರಾತಿನ ಮಾತು. ಫಲ ಸಿಕ್ಕರೂ ಅತ್ಯಲ್ಪ. ಊಟದ ಜೊತೆ ಕುಡಿದರೆ ಅನ್ನ, ಸೊಪ್ಪಿನಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ, ರಕ್ತಹೀನತೆ ಇರುವವರು ಊಟಕ್ಕೂ ಚಹಾಕ್ಕೂ ಒಂದು ಗಂಟೆಯ ಅಂತರ ಇಡಬೇಕು. ಖಾಲಿ ಹೊಟ್ಟೆಗೆ ಇದು ಕೆಲವರಿಗೆ ಹೊಟ್ಟೆ ತೊಳಸುವಂತೆ ಮಾಡುತ್ತದೆ. ಬೆಳಗಿನ ಆ ಜಾಗ ಜೀರಿಗೆ ಕೊತ್ತಂಬರಿ ಕಷಾಯಕ್ಕೇ ಇರಲಿ.

ಕೊಳ್ಳುವವರಿಗೆ ಎರಡು ಮಾತು. ಆಮದು ಚಹಾದ ಮೇಲೆ ಮೂಲ ಸುಂಕವೇ ಶೇ 100 ಇರುವುದರಿಂದ ಅಗ್ಗದ ‘ಲೊಂಗ್‌ಜಿಂಗ್’ ಕಂಡರೆ ಅನುಮಾನಿಸಿ. ಮೊದಲು ಕಾಂಗ್ರಾ ಅಥವಾ ನೀಲಗಿರಿಯ ಇಡೀ ಎಲೆಯ ಹಸಿರು ಚಹಾದಲ್ಲಿ ಕೈ ಪಳಗಿಸಿಕೊಳ್ಳಿ. ಪೊಟ್ಟಣದ ಮೇಲೆ ಕೊಯ್ಲಿನ ವರ್ಷ ಇಲ್ಲದಿದ್ದರೆ ಬಿಟ್ಟುಬಿಡಿ. 50 ಗ್ರಾಂಗಿಂತ ಹೆಚ್ಚು ಒಮ್ಮೆಗೆ ಬೇಡ. ಗಾಳಿಯಾಡದ ಡಬ್ಬಿಯಲ್ಲಿ, ಫ್ರಿಜ್ಜಿನೊಳಗೆ, ಮಸಾಲೆಯಿಂದ ದೂರ ಇಡಿ. ಮಲೆನಾಡಿನ ತೇವದಲ್ಲಿ ಬಾಯಿ ತೆರೆದ ಪೊಟ್ಟಣ ಕೆಲವೇ ವಾರಗಳಲ್ಲಿ ಹುಲ್ಲಿನ ರುಚಿಗೆ ಇಳಿಯುತ್ತದೆ. ಯುಗಾದಿಯ ಹೊತ್ತಿನ ಕೊಯ್ಲು ಮೇ ತಿಂಗಳಲ್ಲಿ ಕೈ ಸೇರಿದರೆ ಮಳೆ ಹಿಡಿಯುವ ಮೊದಲೇ ಕುಡಿದು ಮುಗಿಸಿ.